ಉತ್ತರಪತ್ರಿಕೆ ಊರು ಸುತ್ತಿದ ಕಥೆ: ಬೆಂಗಳೂರು ಪಶ್ಚಿಮದ ಐದು ಪದವಿ ಕಾಲೇಜುಗಳ ಪ್ರಕರಣ

ಹಿನ್ನೆಲೆ

ದೇಶದಲ್ಲಿ ಅತಿ ಹೆಚ್ಚು ಕಾಲೇಜುಗಳಿರುವ ಜಿಲ್ಲೆ ಬೆಂಗಳೂರು ನಗರ. ಕೇಂದ್ರ ಶಿಕ್ಷಣ ಸಚಿವಾಲಯದ 2021-22ರ ಸಮೀಕ್ಷೆಯ ಪ್ರಕಾರ ಇಲ್ಲಿ ಸಾವಿರಕ್ಕೂ ಹೆಚ್ಚು ಕಾಲೇಜುಗಳಿವೆ. ಸೀಟಿಗೆ ಬರವಿಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಿ, ಪಿಯುಸಿ ದಾಟಿದ ಯಾವ ಹುಡುಗನಿಗೂ ಹುಡುಗಿಗೂ ಮನೆಯಿಂದ ಒಂದು ಬಸ್ಸಿನ ದೂರದಲ್ಲಿ ಬಿ.ಕಾಂ ಸಿಗುತ್ತದೆ. ಆದರೆ ಮೂರು ವರ್ಷ ಕಳೆದ ಮೇಲೆ ಆ ಮಕ್ಕಳ ಕೈಗೆ ಏನು ಸಿಕ್ಕಿರುತ್ತದೆ ಅನ್ನೋದು ಬೇರೆಯೇ ಪ್ರಶ್ನೆ.

ಈ ಪ್ರಕರಣ ತುಮಕೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ಇರುವ ಭಾಗದ್ದು. ಪೀಣ್ಯ, ಲಗ್ಗೆರೆ, ಸುಂಕದಕಟ್ಟೆ, ದಾಸರಹಳ್ಳಿ ಕಡೆಯ ಮಕ್ಕಳು ಓದುವ ಕಾಲೇಜುಗಳು. ಅಪ್ಪ ಲೇತ್ ಮೆಷಿನ್ ಮುಂದೆ, ಅಮ್ಮ ಗಾರ್ಮೆಂಟ್ಸ್‌ನಲ್ಲಿ. ಎಷ್ಟೋ ಮನೆಗಳಲ್ಲಿ ಡಿಗ್ರಿ ಓದುತ್ತಿರುವ ಮೊದಲ ತಲೆಮಾರು ಇದೇ. ಇದೇ ಮಗ್ಗುಲಲ್ಲಿ, ಯಶವಂತಪುರ ದಾಟಿದರೆ, 1909ರಲ್ಲಿ ಶುರುವಾದ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಇನ್ನೊಂದು ಕಡೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನ ಕೇಂದ್ರ ಕಚೇರಿಯೂ ಇಲ್ಲೇ ನಾಗರಬಾವಿಯಲ್ಲಿ. ಇವೆಲ್ಲ ಹತ್ತಿರದಲ್ಲಿದ್ದರೂ ಲಗ್ಗೆರೆಯ ಹುಡುಗಿಯ ಅಕೌಂಟೆನ್ಸಿ ತರಗತಿಯ ಮೇಲೆ ಅವುಗಳ ನೆರಳು ಬಿದ್ದದ್ದು ಕಡಿಮೆ.

ಐದು ಕಾಲೇಜುಗಳನ್ನು ಕ, ಚ, ಟ, ತ, ಪ ಎಂದು ಕರೆಯುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಅದಲುಬದಲು ಮಾಡಿದ್ದೇನೆ. ಕ ಹಳೆಯ ಅನುದಾನಿತ ಕಾಲೇಜು. ನಿವೃತ್ತರಾದವರ ಜಾಗಕ್ಕೆ ಹೊಸಬರು ಬಂದಿಲ್ಲ. ಚ ಖಾಸಗಿ, ಫಲಿತಾಂಶ ಚೆನ್ನಾಗಿದೆ, ಪ್ರವೇಶದ ಸಮಯದಲ್ಲಿ ದೊಡ್ಡ ಫ್ಲೆಕ್ಸ್ ಹಾಕುತ್ತದೆ. ಟ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ತ ಬಾಡಿಗೆ ಕಟ್ಟಡದಲ್ಲಿರುವ ಸಣ್ಣ ಕಾಲೇಜು. ಪ ಒಂದು ಟ್ರಸ್ಟ್ ನಡೆಸುವ ಮಹಿಳಾ ಕಾಲೇಜು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಹೋಳಾದ ಮೇಲೆ ಇವು ಒಂದೇ ವಿಶ್ವವಿದ್ಯಾಲಯದ ಅಡಿಯಲ್ಲೂ ಉಳಿಯಲಿಲ್ಲ. ನಾನು ಈ ಗುಂಪಿನ ಜತೆ ಹೊರಗಿನಿಂದ ಕೆಲಸ ಮಾಡಿದವನು. ಯಾವ ಕಾಲೇಜಿನ ಸಂಬಳವೂ ನನಗಿರಲಿಲ್ಲ.

ಸಮಸ್ಯೆ ಹೇಗೆ ಕಣ್ಣಿಗೆ ಬಿತ್ತು

2021-22ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಹಂತದಲ್ಲಿ ಜಾರಿಗೆ ತಂದಿತು. ದೇಶದಲ್ಲಿ ಇದನ್ನು ಮೊದಲು ಮಾಡಿದ ರಾಜ್ಯ ನಮ್ಮದು. ಈ ಕಾಲೇಜುಗಳ ಬಿ.ಕಾಂನಲ್ಲಿ ಒಂದು ಪತ್ರಿಕೆಯ 100 ಅಂಕದಲ್ಲಿ 40 (ಇಂಟರ್ನಲ್ಸ್) ಕಾಲೇಜಿನ ಕೈಗೆ ಬಂತು, 60 ವಿಶ್ವವಿದ್ಯಾಲಯದ ಪರೀಕ್ಷೆಗೆ ಉಳಿಯಿತು. ಮೊದಲ ವರ್ಷದ ಅಂಕಪಟ್ಟಿ ಬಂದಾಗ ಐದೂ ಕಾಲೇಜುಗಳಲ್ಲಿ ಒಂದೇ ಚಿತ್ರ. ಇಂಟರ್ನಲ್ಸ್‌ನಲ್ಲಿ 40ಕ್ಕೆ ಮೂವತ್ತೈದರ ಮೇಲೆ. ಅದೇ ಮಗುವಿಗೆ ಪರೀಕ್ಷೆಯಲ್ಲಿ 60ಕ್ಕೆ ಹದಿನೈದು, ಹದಿನೆಂಟು. ಫೈನಾನ್ಶಿಯಲ್ ಅಕೌಂಟಿಂಗ್‌ನಲ್ಲಿ ಬ್ಯಾಕ್‌ಲಾಗ್ ರಾಶಿ ಬಿದ್ದಿತ್ತು, ಅಂದರೆ ಫೇಲಾಗಿ ಮತ್ತೆ ಬರೆಯಬೇಕಾದವರು ಬಹಳ.

ಇದರಲ್ಲಿ ಯಾರದೂ ದುರುದ್ದೇಶ ಇರಲಿಲ್ಲ. ಪಕ್ಕದ ಕಾಲೇಜು ಮೂವತ್ತೆಂಟು ಕೊಟ್ಟರೆ ನಾವು ಮಾತ್ರ ಇಪ್ಪತ್ತೆರಡು ಕೊಟ್ಟು ನಮ್ಮ ಮಕ್ಕಳಿಗೆ ಯಾಕೆ ಅನ್ಯಾಯ ಮಾಡಬೇಕು ಅಂತ ಪ್ರತಿಯೊಬ್ಬ ಉಪನ್ಯಾಸಕರೂ ಯೋಚಿಸಿದರು. ಒಬ್ಬೊಬ್ಬರನ್ನೇ ಕೇಳಿದರೆ ನ್ಯಾಯವಾದ ಮಾತೇ. ಎಲ್ಲರೂ ಸೇರಿ ಮಾಡಿದಾಗ ಆ 40 ಅಂಕಕ್ಕೆ ಅರ್ಥವೇ ಇಲ್ಲದಂತಾಯಿತು. ಮಗುವಿಗೆ ತನಗೆ ಗೊತ್ತಿಲ್ಲ ಅನ್ನೋದೇ ಪರೀಕ್ಷಾ ಹಾಲ್‌ನಲ್ಲಿ ಗೊತ್ತಾಗುತ್ತಿತ್ತು. ಅಷ್ಟು ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತಿತ್ತು.

ಮೊದಲು ಮಾಡಿದ್ದು

ಈ ಐದೂ ಕಾಲೇಜುಗಳು ಸುಮ್ನೆ ಕೈಕಟ್ಟಿ ಕೂತಿರಲಿಲ್ಲ. ಪ್ರತಿ ಕಾಲೇಜಿನಲ್ಲೂ ಐಕ್ಯೂಎಸಿ, ಅಂದರೆ ಗುಣಮಟ್ಟ ನೋಡಿಕೊಳ್ಳುವ ಒಳಗಿನ ಸಮಿತಿ, ಇತ್ತು. ನ್ಯಾಕ್‌ನ ಏಳು ಮಾನದಂಡಗಳಿಗೆ ಏಳು ಫೈಲ್ ಇತ್ತು. ವರ್ಷಕ್ಕೊಮ್ಮೆ ವರದಿ ಹೋಗುತ್ತಿತ್ತು. ಎರಡು ಕಾಲೇಜು ಬಿ ಗ್ರೇಡ್‌ನಿಂದ ಬಿ ಪ್ಲಸ್‌ಗೆ ಏರಲು ಹೆಣಗುತ್ತಿದ್ದವು. ನಾಲ್ಕರ ಅಳತೆಯಲ್ಲಿ 2.50 ದಾಟಬೇಕು ಅಷ್ಟೇ. ಆ ಸಣ್ಣ ಅಂತರಕ್ಕಾಗಿ ಇಡೀ ಸಿಬ್ಬಂದಿ ವಾರಗಟ್ಟಲೆ ಫೋಟೋ, ಹಾಜರಿ, ಸುತ್ತೋಲೆ ಜೋಡಿಸುತ್ತಿತ್ತು. 2017ರ ಬದಲಾವಣೆಯ ನಂತರ ನ್ಯಾಕ್‌ನ ಅಂಕದ ದೊಡ್ಡ ಪಾಲು ಕಾಲೇಜು ಅಪ್‌ಲೋಡ್ ಮಾಡುವ ಮಾಹಿತಿಯ ಮೇಲೆ ನಿಂತಿತ್ತು. ಹಾಗಾಗಿ ಕಾಲೇಜಿನ ಅತ್ಯಂತ ಚುರುಕಾದ ಉಪನ್ಯಾಸಕರೇ ತರಗತಿ ಬಿಟ್ಟು ಕಂಪ್ಯೂಟರ್ ಮುಂದೆ ಕೂರಬೇಕಾಗಿ ಬಂತು. ನ್ಯಾಕ್‌ನಿಂದ ಒಳ್ಳೆಯದೂ ಆಗಿದೆ. ಟ ಕಾಲೇಜಿಗೆ ಸರಿಯಾದ ಗ್ರಂಥಾಲಯ ಬಂದದ್ದು ಅದರಿಂದಲೇ. ಆದರೆ ಒಂದು ಲೆಕ್ಕವನ್ನು ಮಗು ಎಲ್ಲಿ ತಪ್ಪುತ್ತದೆ ಅನ್ನೋ ಪ್ರಶ್ನೆಗೆ ಆ ಏಳು ಫೈಲ್‌ಗಳಲ್ಲಿ ಜಾಗ ಇರಲಿಲ್ಲ.

ಒಂದು ದಿನದ ಕಾರ್ಯಾಗಾರಗಳೂ ನಡೆದವು. ಅವುಗಳ ಬಗ್ಗೆ ಹೇಳೋದಕ್ಕೆ ಹೆಚ್ಚೇನಿಲ್ಲ. ಬಂದರು, ಕೇಳಿದರು, ಪ್ರಮಾಣಪತ್ರ ತಗೊಂಡು ಹೋದರು.

ಆಮೇಲೆ ಬಂದದ್ದು ಜೋಡಿ ಯೋಜನೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ಪರಾಮರ್ಶ್ ಎಂಬ ಯೋಜನೆ ತಂದಿತ್ತು. ಒಳ್ಳೆಯ ಗ್ರೇಡ್ ಇರುವ ಸಂಸ್ಥೆ ಸುತ್ತಲಿನ ಕೆಲವು ಕಾಲೇಜುಗಳ ಕೈಹಿಡಿದು ನಡೆಸಬೇಕು ಅನ್ನೋದು ಅದರ ಆಲೋಚನೆ. ನಮ್ಮ ಐದು ಕಾಲೇಜುಗಳು ಅದೇ ಮಾದರಿಯನ್ನು ತಾವಾಗಿಯೇ ಮಾಡಿ ನೋಡಲು ಹೊರಟವು. ಚ ಕಾಲೇಜು ಹಿರಿಯಣ್ಣ. ಶನಿವಾರ ಮಧ್ಯಾಹ್ನ ಉಳಿದ ನಾಲ್ಕು ಕಾಲೇಜುಗಳ ಹಿಂದುಳಿದ ಮಕ್ಕಳು ಅಲ್ಲಿಗೆ ಹೋಗಿ ಅಕೌಂಟೆನ್ಸಿ ವಿಶೇಷ ತರಗತಿ ಕೇಳಬೇಕು.

ಮೊದಲ ವಾರ ಹಾಲ್ ತುಂಬಿತ್ತು. ತಿಂಗಳು ಕಳೆಯುವಷ್ಟರಲ್ಲಿ ಮುಂದಿನ ಎರಡು ಬೆಂಚು. ಕಾರಣ ಹುಡುಕಲು ಕಷ್ಟಪಡಬೇಕಾಗಿರಲಿಲ್ಲ. ಹುಡುಗರಲ್ಲಿ ಎಷ್ಟೋ ಜನ ಶನಿವಾರ ಮಧ್ಯಾಹ್ನ ಡೆಲಿವರಿಗೋ ಅಂಗಡಿಗೋ ಹೋಗುವವರು. ವಾರದ ಸಂಪಾದನೆಯಲ್ಲಿ ಆ ಅರ್ಧ ದಿನದ ಪಾಲು ಜಾಸ್ತಿ. ಹುಡುಗಿಯರನ್ನು ಗೊತ್ತಿಲ್ಲದ ಕಾಲೇಜಿಗೆ ಸಂಜೆವರೆಗೆ ಕಳಿಸಲು ಮನೆಯವರು ಒಪ್ಪಲಿಲ್ಲ. ಇದಕ್ಕಿಂತ ಆಳವಾದ ಕಾರಣವನ್ನು ಪ ಕಾಲೇಜಿನ ಒಬ್ಬ ವಿದ್ಯಾರ್ಥಿನಿ ಹೇಳಿದಳು: “ಅಲ್ಲಿ ನಮ್ಮನ್ನ ಫೇಲ್ ಆದೋರು ಅಂತಾನೇ ಕೂರಿಸ್ತಾರೆ ಸರ್.”

ತಿರುವು

ವಿಶೇಷ ತರಗತಿ ನಿಲ್ಲಿಸಬೇಕೋ ಮುಂದುವರಿಸಬೇಕೋ ಅಂತ ತೀರ್ಮಾನಿಸಲು ಸಭೆ ಸೇರಿತು. ಪ್ರಾಂಶುಪಾಲರು ಬಸ್ಸಿನ ವ್ಯವಸ್ಥೆ, ಹಾಜರಿ ಕಡ್ಡಾಯ, ಪೋಷಕರಿಗೆ ಪತ್ರ ಅಂತೆಲ್ಲ ಮಾತಾಡುತ್ತಿದ್ದರು. ಹಿಂದೆ ಕೂತಿದ್ದ ಕ ಕಾಲೇಜಿನ ಹಿರಿಯ ಅಕೌಂಟೆನ್ಸಿ ಮೇಡಂ ಒಂದು ಮಾತು ಹೇಳಿದರು. ಪ್ರತಿ ಸೆಮಿಸ್ಟರ್ ನಾವೆಲ್ಲ ಸೆಂಟ್ರಲ್ ವ್ಯಾಲ್ಯುವೇಷನ್‌ಗೆ ಹೋಗಿ ಒಬ್ಬರ ಮಕ್ಕಳ ಪೇಪರ್ ಇನ್ನೊಬ್ಬರು ತಿದ್ದುತ್ತೇವೆ, ಅಲ್ವಾ? ಅಲ್ಲಿ ಕಂಡದ್ದನ್ನು ಯಾರಿಗೂ ಹೇಳದೆ ಮನೆಗೆ ಬರುತ್ತೇವೆ. ಮಕ್ಕಳನ್ನು ಯಾಕೆ ಓಡಾಡಿಸಬೇಕು, ಪೇಪರ್‌ಗಳೇ ಓಡಾಡಲಿ.

ಈ ಮಾತಿನ ತೂಕ ಮೌಲ್ಯಮಾಪನ ಕೇಂದ್ರದಲ್ಲಿ ಕೂತವರಿಗೆ ತಕ್ಷಣ ಗೊತ್ತಾಗುತ್ತದೆ. ಗುರುತು ಮುಚ್ಚಿ, ಕೋಡ್ ಹಾಕಿದ ಕಟ್ಟುಗಳು ಬರುತ್ತವೆ. ಒಂದು ಕಟ್ಟಿನಲ್ಲಿ ಹತ್ತು ಮಕ್ಕಳು ಒಂದೇ ತಪ್ಪು ಮಾಡಿರುತ್ತಾರೆ. ಪಕ್ಕದಲ್ಲಿ ಕೂತವರಿಗೆ ತೋರಿಸಿ ತಲೆ ಆಡಿಸುತ್ತೇವೆ. ಅಂಕ ಹಾಕುತ್ತೇವೆ, ಕಟ್ಟು ವಾಪಸ್. ಆ ಹತ್ತು ಮಕ್ಕಳಿಗೆ ಪಾಠ ಮಾಡಿದವರಿಗೆ ಆ ತಪ್ಪಿನ ಸುದ್ದಿ ಯಾವತ್ತೂ ತಲುಪುವುದಿಲ್ಲ. ಅವರ ಕೈಗೆ ಸಿಗುವುದು ಅಂಕ ಮಾತ್ರ. ಇಡೀ ಪ್ರದೇಶದ ಕಲಿಕೆಯ ಅತ್ಯಂತ ಒಳ್ಳೆಯ ಮಾಹಿತಿ ವರ್ಷಕ್ಕೆರಡು ಸಲ ಮೌಲ್ಯಮಾಪನ ಕೇಂದ್ರಗಳಲ್ಲಿ ಸೇರುತ್ತದೆ, ಯಾರ ತರಗತಿಗೂ ವಾಪಸ್ ಬಾರದೆ ಚದುರಿಹೋಗುತ್ತದೆ.

ವಿಶ್ವವಿದ್ಯಾಲಯದ ಉತ್ತರಪತ್ರಿಕೆಗಳನ್ನು ನಾವು ಮುಟ್ಟುವಂತಿಲ್ಲ. ಇಂಟರ್ನಲ್ ಟೆಸ್ಟಿನ ಉತ್ತರಪತ್ರಿಕೆ ಮಾತ್ರ ಕಾಲೇಜಿನ ಕೈಯಲ್ಲೇ ಇದೆ. ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ರೂಪಿಸಿದ ಮಾದರಿ ಪಠ್ಯಕ್ರಮದಿಂದಾಗಿ ಬೇರೆ ಬೇರೆ ವಿಶ್ವವಿದ್ಯಾಲಯದ ಕಾಲೇಜುಗಳಾದರೂ ಮೊದಲ ಸೆಮಿಸ್ಟರ್‌ನ ಫೈನಾನ್ಶಿಯಲ್ ಅಕೌಂಟಿಂಗ್ ಹೆಚ್ಚುಕಡಿಮೆ ಒಂದೇ. ಹಾಗಾಗಿ ಆ ಒಂದು ವಿಷಯದಿಂದಲೇ ಶುರು ಮಾಡೋದು ಅಂತಾಯಿತು.

ನಿಯಮಗಳ ಮೇಲೆ ಜಗಳ

ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಂದೆ ಆದ ಒಳ್ಳೆಯದೆಲ್ಲ ಈ ಹಂತದಲ್ಲಿ ತೀರ್ಮಾನವಾದದ್ದರಿಂದ ಆಯಿತು ಅಂತ ನನಗೆ ಅನಿಸುತ್ತದೆ.

ಮೊದಲ ವಿಷಯ, ಸಭೆಗೆ ಯಾರು ಬರಬೇಕು. ಪ್ರಾಂಶುಪಾಲರು, ಐಕ್ಯೂಎಸಿ ಸಂಯೋಜಕರು, ಮ್ಯಾನೇಜ್‌ಮೆಂಟ್ ಪ್ರತಿನಿಧಿ ಎಲ್ಲರೂ ಬರಲಿ ಅಂತ ಚ ಕಾಲೇಜಿನವರು ಹೇಳಿದರು. ಟ ಕಾಲೇಜಿನ ಅತಿಥಿ ಉಪನ್ಯಾಸಕರೊಬ್ಬರು ನೇರವಾಗಿ ಬೇಡ ಅಂದರು. “ನನ್ನ ಮಕ್ಕಳ ತಪ್ಪನ್ನ ನಮ್ಮ ಪ್ರಿನ್ಸಿಪಾಲರ ಎದುರು ಬಿಚ್ಚಿಟ್ಟರೆ ಮುಂದಿನ ವರ್ಷ ನನ್ನ ಕೆಲಸ ಇರುತ್ತಾ?” ಉತ್ತರ ಯಾರ ಹತ್ತಿರವೂ ಇರಲಿಲ್ಲ. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಆಗ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದರು. ಖಾಸಗಿಯಲ್ಲಿ ಹೆಸರು ಬೇರೆ ಇರಬಹುದು, ಅಭದ್ರತೆ ಅದೇ. ಪಾಠದ ಬಹುಪಾಲು ಹೊರುವವರೇ ಇವರು. ಇವರು ಬಾಯಿ ಬಿಡದಿದ್ದರೆ ಗುಣಮಟ್ಟದ ಮಾತೆಲ್ಲ ಗೋಡೆಗೆ ಹೇಳಿದಂತೆ. ಕೊನೆಗೆ ಪಾಠ ಮಾಡುವವರು ಮಾತ್ರ ಕೂರಬೇಕು, ಅಲ್ಲಿ ಆಡಿದ್ದು ಹೊರಗೆ ಹೋಗಬಾರದು ಅಂತ ತೀರ್ಮಾನವಾಯಿತು. ಕ ಕಾಲೇಜಿನ ಪ್ರಾಂಶುಪಾಲರು ಇದಕ್ಕೆ ಮೊದಲು ಒಪ್ಪಿದವರು. ಅಧಿಕಾರ ಇರುವವರು ತಾವಾಗಿಯೇ ಕೋಣೆಯಿಂದ ಹೊರಗೆ ಉಳಿಯೋದು ಸಣ್ಣ ಮಾತಲ್ಲ. ಅವರಿಗೆ ನಾನು ಇವತ್ತಿಗೂ ಕೃತಜ್ಞ.

ಎರಡನೆಯದು ನ್ಯಾಕ್ ಫೈಲ್. ನ್ಯಾಕ್‌ನ ಏಳನೇ ಮಾನದಂಡ ಎರಡು ಉತ್ತಮ ಪದ್ಧತಿಗಳ ವಿವರ ಕೇಳುತ್ತಿತ್ತು. ಇದು ಅದಕ್ಕೆ ಹೇಳಿಮಾಡಿಸಿದ ವಸ್ತು. ಆದರೆ ಫೈಲ್‌ಗೆ ಹೋದ ಕ್ಷಣದಿಂದ ಅದು ಫೈಲ್‌ಗಾಗಿಯೇ ನಡೆಯಲು ಶುರುವಾಗುತ್ತದೆ ಅನ್ನೋ ಭಯ ಹಲವರಿಗಿತ್ತು. ಮೊದಲ ವರ್ಷ ಫೋಟೋ ಬೇಡ, ವರದಿ ಬೇಡ ಅಂತ ಬರೆದುಕೊಂಡರು.

ಮೂರನೆಯದರಲ್ಲಿ ಗುಂಪೇ ಮುರಿಯಿತು. ಟೆಸ್ಟಿನ ಸರಾಸರಿಯನ್ನು ಕಾಲೇಜುವಾರು ಹೋಲಿಸಬೇಕು, ಅದನ್ನು ಪ್ರಕಟಿಸಬೇಕು ಅಂತ ಚ ಕಾಲೇಜಿನ ಆಡಳಿತ ಮಂಡಳಿ ಪಟ್ಟು ಹಿಡಿಯಿತು. ಅವರ ವಾದದಲ್ಲೂ ಹುರುಳಿತ್ತು. ಹೋಲಿಕೆ ಇಲ್ಲದೆ ಸುಧಾರಣೆ ಗೊತ್ತಾಗೋದು ಹೇಗೆ? ಆದರೆ ಆ ಹೋಲಿಕೆ ಮುಂದಿನ ಮೇ ತಿಂಗಳಲ್ಲಿ ಫ್ಲೆಕ್ಸ್ ಮೇಲೆ ಬರುತ್ತದೆ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಉಳಿದ ನಾಲ್ವರು ಒಪ್ಪಲಿಲ್ಲ. ಚ ಹೊರಗೆ ಹೋಯಿತು.

ಅತ್ಯುತ್ತಮ ಫಲಿತಾಂಶದ ಕಾಲೇಜು ಇಲ್ಲದೆ ಉಳಿದವರು ಯಾರಿಂದ ಕಲಿಯಬೇಕು ಅಂತ ಆಗ ನನಗೂ ಗಾಬರಿಯಾಯಿತು. ದಾರಿ ತೋರಿಸಿದವರು ಚ ಕಾಲೇಜಿನ ಅಕೌಂಟೆನ್ಸಿ ಉಪನ್ಯಾಸಕಿಯೇ. ಕಾಲೇಜಿನ ಪರವಾಗಿ ಬರಲ್ಲ, ಮಕ್ಕಳ ಪತ್ರಿಕೆಯನ್ನೂ ತರಲ್ಲ, ನನ್ನ ರಜಾ ಹೊತ್ತಿನಲ್ಲಿ ನಾನೊಬ್ಬಳು ಬಂದು ಕೂರುತ್ತೇನೆ ಅಂದರು. ಅಲ್ಲಿಂದ ಗುಂಪಿನ ಸದಸ್ಯತ್ವ ಕಾಲೇಜುಗಳದ್ದಾಗಿ ಉಳಿಯಲಿಲ್ಲ, ಆ ಪತ್ರಿಕೆ ಪಾಠ ಮಾಡುವ ವ್ಯಕ್ತಿಗಳದ್ದಾಯಿತು.

ರಾಯಲ್ಟಿ ಲೆಕ್ಕದ ದಿನ

ಮೊದಲ ಬೈಠಕ್ಕಿಗೆ ಆರಿಸಿದ್ದು ರಾಯಲ್ಟಿ ಅಕೌಂಟ್ಸ್‌ನ 12 ಅಂಕದ ಒಂದು ಲೆಕ್ಕ. ನಾಲ್ಕೂ ಕಾಲೇಜಿನಲ್ಲಿ ಅದೇ ಪ್ರಶ್ನೆ ಕೊಟ್ಟಿದ್ದರು. ಹೆಸರು, ಕಾಲೇಜು ಮುಚ್ಚಿ ಜೆರಾಕ್ಸ್ ತಂದಿದ್ದರು. ಅಕೌಂಟೆನ್ಸಿ ಓದದವರಿಗೂ ಈ ಲೆಕ್ಕ ಅರ್ಥವಾಗಬೇಕು, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಒಬ್ಬ ಗಣಿ ಜಮೀನು ಗುತ್ತಿಗೆ ಹಿಡಿದಿದ್ದಾನೆ. ಟನ್‌ಗೆ 2 ರೂಪಾಯಿ ರಾಯಲ್ಟಿ, ಅಂದರೆ ತೆಗೆದ ಸರಕಿಗೆ ಜಮೀನಿನ ಮಾಲೀಕನಿಗೆ ಕೊಡುವ ಹಣ. ಎಷ್ಟೇ ಕಡಿಮೆ ತೆಗೆದರೂ ವರ್ಷಕ್ಕೆ ಕನಿಷ್ಠ 20,000 ರೂಪಾಯಿ ಕೊಡಲೇಬೇಕು. ಮೊದಲ ವರ್ಷ 6,000 ಟನ್, ಅಂದರೆ ರಾಯಲ್ಟಿ 12,000. ಕೊಟ್ಟದ್ದು 20,000. ಹೆಚ್ಚಾಗಿ ಕೊಟ್ಟ 8,000ಕ್ಕೆ ಷಾರ್ಟ್ ವರ್ಕಿಂಗ್ಸ್ ಅಂತಾರೆ. ಎರಡನೇ ವರ್ಷ 9,000 ಟನ್, ರಾಯಲ್ಟಿ 18,000, ಷಾರ್ಟ್ ವರ್ಕಿಂಗ್ಸ್ 2,000. ಮೂರನೇ ವರ್ಷ 14,000 ಟನ್, ರಾಯಲ್ಟಿ 28,000. ಈಗ ಹಿಂದೆ ಹೆಚ್ಚಾಗಿ ಕೊಟ್ಟದ್ದನ್ನು ಮುರಿದುಕೊಳ್ಳಬಹುದಾ? ಅದು ಗುತ್ತಿಗೆಯ ಷರತ್ತಿನ ಮೇಲೆ ನಿಂತಿದೆ. ಪ್ರಶ್ನೆಯಲ್ಲಿದ್ದ ಷರತ್ತು: ಯಾವ ವರ್ಷದ ಷಾರ್ಟ್ ವರ್ಕಿಂಗ್ಸ್ ಆದರೂ ಅದರ ಮುಂದಿನ ಎರಡು ವರ್ಷಗಳ ಒಳಗೆ ಮುರಿದುಕೊಳ್ಳಬಹುದು. ಹಾಗಾದರೆ ಮೊದಲ ವರ್ಷದ 8,000 ಮೂರನೇ ವರ್ಷದಲ್ಲಿ ಪೂರ್ತಿ ವಾಪಸ್. ಮಾಲೀಕನಿಗೆ ಕೊಡಬೇಕಾದ್ದು 20,000.

ಒಂದು ಕಟ್ಟಿನ ಅಷ್ಟೂ ಮಕ್ಕಳು 28,000 ಅಂತ ಬರೆದಿದ್ದರು. ಪಟ್ಟಿ ಅಚ್ಚುಕಟ್ಟಾಗಿತ್ತು. ಕೂಡು ಕಳೆಯುವುದರಲ್ಲಿ ಒಂದೂ ತಪ್ಪಿರಲಿಲ್ಲ. ಎರಡನೇ ವರ್ಷದ ಕೊನೆಗೆ 10,000 ರೂಪಾಯಿಯನ್ನು ನಷ್ಟ ಅಂತ ಲಾಭ ನಷ್ಟದ ಖಾತೆಗೆ ಹಾಕಿ ಕೈತೊಳೆದುಕೊಂಡಿದ್ದರು. ಗುತ್ತಿಗೆಯ ಮೊದಲ ಎರಡು ವರ್ಷದಲ್ಲಿ ಮಾತ್ರ ಮುರಿದುಕೊಳ್ಳಬಹುದು ಅನ್ನೋ ಇನ್ನೊಂದು ಬಗೆಯ ಷರತ್ತು ಇದ್ದಿದ್ದರೆ ಇದು ಪೂರ್ತಿ ಸರಿಯಾದ ಉತ್ತರ.

ಅದೇ ಪತ್ರಿಕೆಗೆ ಕೋಣೆಯಲ್ಲಿದ್ದವರು ಅಂಕ ಹಾಕಿದರು. ಒಬ್ಬರು 3, ಇನ್ನೊಬ್ಬರು 9. ಈ ವ್ಯತ್ಯಾಸದ ಮೇಲೆ ಸ್ವಲ್ಪ ಹೊತ್ತು ಬಿರುಸಾದ ವಾದ ನಡೆಯಿತು. ಅಷ್ಟರಲ್ಲಿ ತ ಕಾಲೇಜಿನ ಯುವ ಉಪನ್ಯಾಸಕರು ಒಂದು ಹಾಳೆಯನ್ನು ಕೈಗೆತ್ತಿಕೊಂಡರು. ಅವರು ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು ಕಾಲೇಜು ಅಂತ ಓಡಾಡುವವರು.

“ಈ ಕೈಬರಹ ನನಗೆ ಗೊತ್ತು. ಇದು ನನ್ನ ಮಕ್ಕಳದ್ದು. ನಾನು ಮಾಡಿಸಿದ್ದೆಲ್ಲ ಒಂದೇ ತರಹದ ಲೆಕ್ಕ. ಪೋರ್ಷನ್ ಮುಗಿಸಬೇಕಿತ್ತು.”

ಕ ಕಾಲೇಜಿನ ಮೇಡಂ ತಕ್ಷಣ ತಮ್ಮ ಕಡೆಯ ಕಟ್ಟು ತೆಗೆದು ಮುಂದಿಟ್ಟರು. ಅವರ ಮಕ್ಕಳು ರಾಯಲ್ಟಿ ಸರಿ ಮಾಡಿದ್ದರು, ಕನ್‌ಸೈನ್‌ಮೆಂಟ್‌ನಲ್ಲಿ (ಏಜೆಂಟರ ಮೂಲಕ ಮಾರಲು ಸರಕು ಕಳಿಸುವ ಲೆಕ್ಕ) ದಾರಿಯಲ್ಲಿ ಹಾಳಾದ ಸರಕಿನ ಬೆಲೆ ಕಟ್ಟುವಾಗ ಒಬ್ಬರು ಬಿಡದೆ ಎಲ್ಲರೂ ಸಾಗಣೆ ಖರ್ಚು ಸೇರಿಸಲು ಮರೆತಿದ್ದರು. ನನ್ನ ನೋಟ್ಸ್‌ನಲ್ಲೇ ಆ ಸಾಲು ಇಲ್ಲ, ವರ್ಷಗಳಿಂದ ಅದೇ ನೋಟ್ಸ್ ಅಂದರು. ಅವರಷ್ಟು ಹಿರಿಯರು ಹಾಗೆ ಹೇಳಿದ ಮೇಲೆ ಉಳಿದವರಿಗೆ ಅಂಜಿಕೆ ಉಳಿಯಲಿಲ್ಲ.

ಆ ದಿನ ಗುಂಪಿಗೆ ಒಂದು ಓದುವ ವಿಧಾನ ಸಿಕ್ಕಿತು. ಒಂದು ತಪ್ಪು ಒಂದೇ ಕಾಲೇಜಿನ ಕಟ್ಟಿನಲ್ಲಿ ಗುಂಪಾಗಿ ಕಂಡರೆ ಮೊದಲು ಅಲ್ಲಿನ ಪಾಠವನ್ನು ನೋಡಬೇಕು. ಎಲ್ಲ ಕಟ್ಟಿನಲ್ಲೂ ಕಂಡರೆ ಪ್ರಶ್ನೆಯನ್ನೋ ಎಲ್ಲರೂ ಬಳಸುವ ಗೈಡನ್ನೋ ಅನುಮಾನಿಸಬೇಕು. ಅಲ್ಲೊಂದು ಇಲ್ಲೊಂದು ಇದ್ದರೆ ಮಾತ್ರ ಆ ಮಗುವಿನ ಜತೆ ಕೂತು ಮಾತಾಡಬೇಕು. ಒಂದೇ ಕಾಲೇಜಿನೊಳಗೆ ಕೂತವರಿಗೆ ಈ ಮೂರನ್ನು ಬೇರೆ ಮಾಡೋದು ಅಸಾಧ್ಯ. ಎಲ್ಲ ತಪ್ಪೂ “ಈಗಿನ ಮಕ್ಕಳು ಓದಲ್ಲ” ಅನ್ನೋ ಒಂದೇ ಮಾತಿಗೆ ಬಂದು ನಿಲ್ಲುತ್ತದೆ.

ಆಮೇಲೆ ಏನಾಯಿತು

ಮೊದಲು ಆದದ್ದು ಗದ್ದಲ. ಒಟ್ಟಿಗೆ ಕೂತು ತಿದ್ದಿದ ಮೇಲೆ ಇಂಟರ್ನಲ್ಸ್ ಅಂಕ ಕೆಳಗೆ ಬಂತು. ಮೂವತ್ತೆಂಟು ಪಡೆದು ರೂಢಿಯಾದವರಿಗೆ ಇಪ್ಪತ್ತಾರು. ಪೋಷಕರು ಬಂದರು. ತ ಕಾಲೇಜಿನ ಆಡಳಿತದವರು ಪಕ್ಕದ ಕಾಲೇಜಿಗೆ ಮಕ್ಕಳು ಹೋದರೆ ಯಾರು ಹೊಣೆ ಅಂತ ಕೇಳಿದರು. ಇಲ್ಲಿ ಗುಂಪು ಒಂದು ರಾಜಿ ಮಾಡಿಕೊಂಡಿತು. ನನ್ನ ದೃಷ್ಟಿಯಲ್ಲಿ ಅದು ಸರಿಯಾದ ರಾಜಿ. ಮೊದಲ ಟೆಸ್ಟ್ ಕಟ್ಟುನಿಟ್ಟಾಗಿ ತಿದ್ದುವುದು. ತಪ್ಪಿದ ಲೆಕ್ಕವನ್ನು ಮತ್ತೆ ಮಾಡಿ, ಯಾಕೆ ತಪ್ಪಿತು ಅಂತ ಎರಡು ಸಾಲು ಬರೆದು ತಂದವರಿಗೆ ಕಳೆದುಕೊಂಡ ಅಂಕದಲ್ಲಿ ಒಂದು ಪಾಲು ವಾಪಸ್. ಅಂಕ ಮತ್ತೆ ಸ್ವಲ್ಪ ಮೇಲೆ ಹೋಯಿತು, ಈ ಸಲ ಅದಕ್ಕೊಂದು ಕಾರಣ ಇತ್ತು. ಆ ಎರಡು ಸಾಲುಗಳನ್ನು ಇಂಗ್ಲಿಷ್‌ನಲ್ಲೋ ಕನ್ನಡದಲ್ಲೋ ಹೇಗಾದರೂ ಬರೆಯಬಹುದಿತ್ತು. ಇಂಗ್ಲಿಷ್ ಮಾಧ್ಯಮದ ಕೋರ್ಸ್ ಆದರೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಬಿಡಿ ಅಂತ ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳನ್ನು ಕೇಳಿಕೊಂಡಿದ್ದು ಇದಕ್ಕೆ ಬೆಂಬಲವಾಯಿತು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಆ ಎರಡು ಸಾಲಿನ ಜಾಗದಲ್ಲಿ ಅರ್ಧ ಪುಟ ಬರೆದು ತಂದರು. ತರಗತಿಯಲ್ಲಿ ಬಾಯೇ ಬಿಡದವರು ಎಷ್ಟು ಯೋಚಿಸಿದ್ದಾರೆ ಅನ್ನೋದು ಆಗ ಗೊತ್ತಾಯಿತು.

ಇನ್ನೊಂದು ಕೆಲಸ ತಾನಾಗಿಯೇ ಬೆಳೆಯಿತು. ಬೈಠಕ್ಕಿನಲ್ಲಿ ಕಂಡ ತಪ್ಪುಗಳನ್ನು ಪ ಕಾಲೇಜಿನ ಉಪನ್ಯಾಸಕಿ ಒಂದು ಉದ್ದ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರು. ಎಡಪುಟದಲ್ಲಿ ಮಗು ಬರೆದದ್ದು, ಬಲಪುಟದಲ್ಲಿ ಅದು ಹಾಗೆ ಯೋಚಿಸಲು ಕಾರಣ ಏನಿರಬಹುದು ಅನ್ನೋದು. 2023ರ ಕೊನೆಯಲ್ಲಿ ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡಿ ಅಂತ ತರಗತಿ ಬಹಿಷ್ಕರಿಸಿದಾಗ ಟ ಕಾಲೇಜಿನಲ್ಲಿ ಪಾಠವೇ ನಿಂತಿತು. ಅವರ ಬೇಡಿಕೆ ನ್ಯಾಯವಾದದ್ದು. ವರ್ಷಗಟ್ಟಲೆ ಪಾಠ ಮಾಡಿದವರಿಗೆ ಮುಂದಿನ ಸೆಮಿಸ್ಟರ್‌ನ ಖಾತ್ರಿ ಇಲ್ಲ ಅಂದರೆ ಗುಣಮಟ್ಟ ಎಲ್ಲಿಂದ ಬರಬೇಕು? ಮುಷ್ಕರ ಮುಗಿದು ತರಗತಿ ಶುರುವಾದಾಗ ಕೆಲವರು ಬೇರೆ ಕಡೆ ಹೋಗಿದ್ದರು. ಹೊಸದಾಗಿ ಬಂದವರ ಕೈಗೆ ಆ ನೋಟ್‌ಬುಕ್‌ನ ಜೆರಾಕ್ಸ್ ಸಿಕ್ಕಿತು. ಹೊಸ ಉಪನ್ಯಾಸಕರಿಗೆ ಸಾಮಾನ್ಯವಾಗಿ ಸಿಲಬಸ್ ಮತ್ತು ಹಾಜರಿ ಪುಸ್ತಕ ಕೊಡುತ್ತಾರೆ, ಅಷ್ಟೇ. ಹಿಂದಿನವರು ಕಲಿತದ್ದೆಲ್ಲ ಅವರ ಜತೆಗೇ ಹೋಗಿಬಿಡುತ್ತದೆ. ಇಲ್ಲಿ ಮೊದಲ ಸಲ ಏನೋ ಒಂದು ಹಿಂದೆ ಉಳಿಯಿತು.

ಫಲಿತಾಂಶ ಹೇಳಬೇಕಲ್ಲ. ಫೈನಾನ್ಶಿಯಲ್ ಅಕೌಂಟಿಂಗ್‌ನಲ್ಲಿ ನಾಲ್ಕೂ ಕಾಲೇಜುಗಳ ಬ್ಯಾಕ್‌ಲಾಗ್ ಕಡಿಮೆಯಾಯಿತು. ತ ಕಾಲೇಜಿನಲ್ಲಿ ಎದ್ದು ಕಾಣುವಷ್ಟು, ಕ ಕಾಲೇಜಿನಲ್ಲಿ ಸ್ವಲ್ಪ. ಇಂಟರ್ನಲ್ಸ್ ಮತ್ತು ಪರೀಕ್ಷೆಯ ಅಂಕದ ನಡುವಿನ ಕಂದಕ ಕಿರಿದಾಯಿತು. ನನಗೆ ಇದೇ ಮುಖ್ಯ ಸೂಚನೆ. ಪ್ರಶ್ನೆಪತ್ರಿಕೆ ಸುಲಭವಾದರೆ ಪಾಸಾದವರ ಸಂಖ್ಯೆ ಏರುತ್ತದೆ, ಈ ಕಂದಕವೂ ಸ್ವಲ್ಪ ಕಿರಿದಾಗಬಹುದು, ಆದರೆ ಕಾಲೇಜು ಕೊಡುವ ಅಂಕ ನಿಜಕ್ಕೆ ಹತ್ತಿರ ಬಂದಿದೆಯೇ ಅನ್ನೋದನ್ನು ತೋರಿಸುವುದು ಇದೇ.

ಬಿಸಿಎಗೆ ಇದೇ ಕ್ರಮವನ್ನು ತಂದಾಗ ಕೈಹಿಡಿಯಲಿಲ್ಲ. ಪ್ರೋಗ್ರಾಮಿಂಗ್‌ನ ಪತ್ರಿಕೆಗಳನ್ನು ಹಂಚಿಕೊಂಡು ನೋಡಿದರೆ ತಪ್ಪು ಎಲ್ಲಿ ಅಂತ ಎಲ್ಲರಿಗೂ ಗೊತ್ತು. ಮಕ್ಕಳು ಕಂಪ್ಯೂಟರ್ ಮುಂದೆ ಸಾಕಷ್ಟು ಕೂತಿಲ್ಲ. ಲ್ಯಾಬ್‌ನಲ್ಲಿ ಕೆಲಸ ಮಾಡುವ ಮೆಷಿನ್ ಕಡಿಮೆ, ಒಂದೊಂದಕ್ಕೆ ಮೂವರು. ಮಾತಿನಿಂದ ಮೆಷಿನ್ ಬರುವುದಿಲ್ಲ. ಬೈಠಕ್ಕುಗಳು ಕೆಲವು ನಡೆದು ನಿಂತವು. ತರಗತಿಯಲ್ಲಿ ಹೇಗೆ ಹೇಳಿಕೊಡುತ್ತಾರೆ ಅನ್ನೋದರಿಂದ ಹುಟ್ಟಿದ ತೊಂದರೆಗೆ ಈ ದಾರಿ ಸರಿ. ಹಣ ಇಲ್ಲದೆ ಹುಟ್ಟಿದ ತೊಂದರೆಗೆ ಹಣವೇ ಬೇಕು. ಇದನ್ನು ಬೇರೆ ಕಡೆ ಮಾಡಿ ನೋಡುವವರು ಮೊದಲೇ ತಿಳಿದಿರಬೇಕು. ಇಲ್ಲದಿದ್ದರೆ ಲ್ಯಾಬ್ ಕೇಳಬೇಕಾದ ಜಾಗದಲ್ಲಿ ಉಪನ್ಯಾಸಕರ ಮೇಲೆ ಇನ್ನೊಂದು ಹೊರೆ ಬೀಳುತ್ತದೆ.

2024-25ರಲ್ಲಿ ರಾಜ್ಯ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಕ್ರಮ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪಠ್ಯಕ್ರಮ ಬದಲಾಯಿತು. ಈ ಕಾಲೇಜುಗಳಲ್ಲಿ ಇಂಟರ್ನಲ್ಸ್ 40ರಿಂದ 20ಕ್ಕೆ ಇಳಿಯಿತು, ಪರೀಕ್ಷೆ 80ಕ್ಕೆ ಏರಿತು. ಮೂರೇ ವರ್ಷದಲ್ಲಿ ಎರಡು ಸಲ ನೆಲ ಅಲುಗಾಡಿದರೆ ಯಾವ ಉಪನ್ಯಾಸಕರಿಗಾದರೂ ಸುಸ್ತಾಗುತ್ತದೆ. ನೋಟ್‌ಬುಕ್‌ನ ಅನೇಕ ಪುಟಗಳು ಕೆಲಸಕ್ಕೆ ಬಾರದಾದವು. ಷರತ್ತು ಓದದೆ ಅಂಕಿಗಳಿಗೆ ಕೈಹಾಕುವ ಅಭ್ಯಾಸದ ಬಗ್ಗೆ ಬರೆದ ಪುಟಗಳು ಮಾತ್ರ ಹಾಗೇ ಉಳಿದವು. ಹೊಸ ಸಿಲಬಸ್‌ನ ಮೊದಲ ಬೈಠಕ್ಕು ಆ ಪುಟಗಳಿಂದಲೇ ಶುರುವಾಯಿತು.

ಬೇರೆಯವರು ಮಾಡಿ ನೋಡುವುದಾದರೆ

ಇಡೀ ಕಾಲೇಜನ್ನು ಒಮ್ಮೆಗೇ ಎತ್ತಲು ಹೋಗಬೇಡಿ. ಒಂದು ವಿಷಯ ಹಿಡಿಯಿರಿ, ಮೊದಲ ಸೆಮಿಸ್ಟರ್‌ನದ್ದು, ಹೆಚ್ಚು ಮಕ್ಕಳು ಬೀಳುವಂಥದ್ದು. ಬಸ್ಸಿನಲ್ಲಿ ಅರ್ಧ ಗಂಟೆಯೊಳಗೆ ಸಿಗುವ ಕಾಲೇಜುಗಳೇ ಸಾಕು. ದೂರದ ಒಳ್ಳೆಯ ಕಾಲೇಜಿಗಿಂತ ಹತ್ತಿರದ ಸಾಧಾರಣ ಕಾಲೇಜು ಹೆಚ್ಚು ಉಪಯೋಗಕ್ಕೆ ಬರುತ್ತದೆ, ಮಕ್ಕಳ ಹಿನ್ನೆಲೆ ಒಂದೇ ಇರುತ್ತದಲ್ಲ. ಉತ್ತರಪತ್ರಿಕೆಗಳನ್ನು ಹೊರಗೆ ಕೊಡುವ ಮುನ್ನ ಮಕ್ಕಳಿಗೂ ಒಂದು ಮಾತು ಹೇಳಿ. ನಮ್ಮಲ್ಲಿ ಒಬ್ಬ ವಿದ್ಯಾರ್ಥಿ ತನ್ನದು ಬೇಡ ಅಂದ, ತೆಗೆದಿಟ್ಟೆವು.

ಚ ಕಾಲೇಜು ಹೊರಗೆ ಹೋದದ್ದರ ಬಗ್ಗೆ ಇವತ್ತಿಗೂ ಗುಂಪಿನಲ್ಲಿ ಎರಡು ಅಭಿಪ್ರಾಯ ಇದೆ. ಸ್ವಲ್ಪ ಬಗ್ಗಿ ಅವರನ್ನು ಉಳಿಸಿಕೊಳ್ಳಬೇಕಿತ್ತು ಅನ್ನುವವರಿದ್ದಾರೆ. ಫಲಿತಾಂಶ ಪ್ರಕಟವಾಗುತ್ತದೆ ಅಂತ ಗೊತ್ತಿದ್ದರೆ ಆ ರಾಯಲ್ಟಿ ಲೆಕ್ಕದ ದಿನ ಯಾರೂ ಬಾಯಿ ಬಿಡುತ್ತಿರಲಿಲ್ಲ ಅನ್ನೋದು ನನ್ನ ಗಟ್ಟಿ ನಂಬಿಕೆ. ಒಂದು ಪ್ರದೇಶದ ಕಾಲೇಜುಗಳು ಒಟ್ಟಿಗೆ ಮೇಲೆ ಬರಬೇಕಾದರೆ ತಪ್ಪನ್ನು ಭಯವಿಲ್ಲದೆ ಮೇಜಿನ ಮೇಲೆ ಇಡುವ ಒಂದು ಜಾಗ ಬೇಕು. ಅದನ್ನು ಬಿಟ್ಟುಕೊಟ್ಟು ಪಡೆಯುವ ಯಾವ ದೊಡ್ಡ ಹೆಸರೂ ದುಬಾರಿಯೇ.

ಬಗೆಹರಿಯದೆ ಉಳಿದದ್ದು ಹಣದ ವಿಷಯ. ಬೈಠಕ್ಕಿನ ಹೊತ್ತಿಗೆ ಯಾರಿಗೂ ಸಂಭಾವನೆ ಇರಲಿಲ್ಲ. ಕಾಯಂ ಉಪನ್ಯಾಸಕರಿಗೆ ಅದು ನಡೆಯುತ್ತದೆ. ಎರಡು ಕಾಲೇಜಿನ ನಡುವೆ ಓಡಾಡಿ ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ ಒಂದು ಮಧ್ಯಾಹ್ನ ಅಂದರೆ ಕೈಬಿಟ್ಟ ಕೂಲಿ. ತ ಕಾಲೇಜಿನ ಆ ಯುವಕ ಒಂದು ಸೆಮಿಸ್ಟರ್ ಬರಲಿಲ್ಲ, ಕಾರಣ ಇದೇ. ಬೈಠಕ್ಕಿನ ಹೊತ್ತನ್ನು ವರ್ಕ್‌ಲೋಡ್‌ಗೆ ಸೇರಿಸಲು ಕ ಮತ್ತು ಪ ಒಪ್ಪಿವೆ. ತ ಕಾಲೇಜು ಬಸ್ ಖರ್ಚು ಮಾತ್ರ ಕೊಡುತ್ತೇನೆ ಅನ್ನುತ್ತಿದೆ, ಮಾತುಕತೆ ನಡೆಯುತ್ತಿದೆ. ಟ ಸರ್ಕಾರಿ ಕಾಲೇಜಾದ್ದರಿಂದ ಇಲಾಖೆಯ ಒಪ್ಪಿಗೆ ಬೇಕು. ಪ್ರಾಂಶುಪಾಲರು ಪತ್ರ ಬರೆದಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.